ಕದ್ದದ್ದು ಮತ್ತು ಮುಚ್ಚಿದ್ದು

ಇಂಗ್ಲಿಷಿನಿಂದ ಕನ್ನಡಕ್ಕೆ ಸುದ್ದಿ ತರುವವರಿಗೆ 'ರಹಸ್ಯ' ಎಂಬ ಪದ ಬಹಳ ಉಪಕಾರಿ. ಅಲ್ಲಿ 'ಸೀಕ್ರೆಟ್' ಎಂದಿದ್ದರೂ ಇಲ್ಲಿ ರಹಸ್ಯ, 'ಕೋವರ್ಟ್' ಎಂದಿದ್ದರೂ ರಹಸ್ಯ, 'ಕ್ಲಾಂಡೆಸ್ಟೈನ್' ಎಂದಿದ್ದರೂ ರಹಸ್ಯವೇ. ಬೇಸರವಾದರೆ 'ಗುಪ್ತ' ಎಂದು ಬದಲಿಸಿಕೊಳ್ಳಬಹುದು. ಓದುಗನಿಗೂ ತಕರಾರಿಲ್ಲ. ಏನೋ ಒಂದು ಮರೆಯಲ್ಲಿ ನಡೆದಿದೆ, ನಮಗೆ ತಿಳಿಯುವಂಥದ್ದಲ್ಲ ಎಂದುಕೊಂಡು ಅವನು ಮುಂದಿನ ಸುದ್ದಿಗೆ ಹೋಗುತ್ತಾನೆ.

ಆದರೆ ಈ ಪದಗಳಲ್ಲಿ ಕೊನೆಯ ಎರಡು ಒಂದೇ ಅಲ್ಲ. ಅವುಗಳ ನಡುವಿನ ವ್ಯತ್ಯಾಸ ಬರೀ ಭಾಷಾ ಪಂಡಿತರ ಚರ್ಚೆಗೆ ಬಿಟ್ಟುಬಿಡುವಷ್ಟು ಸಣ್ಣದೂ ಅಲ್ಲ. ಒಂದು ದೇಶದ ಸರಕಾರ ಉರುಳಿದ್ದನ್ನು, ಒಬ್ಬ ಹೆಂಗಸಿನ ಹೆಸರು ಅಳಿದದ್ದನ್ನು, ಒಂದು ಕತೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದನ್ನು ಅರ್ಥ ಮಾಡಿಕೊಳ್ಳಲು ಈ ವ್ಯತ್ಯಾಸ ಬೇಕಾಗುತ್ತದೆ. ಆದ್ದರಿಂದ ಈ ಎರಡು ಪದಗಳನ್ನು ನಾವು ಇಲ್ಲಿ ಸ್ವಲ್ಪ ಬಿಡಿಸಿ ನೋಡಬಯಸುತ್ತೇವೆ.

'ಕೋವರ್ಟ್' ಹಳೆಯ ಫ್ರೆಂಚಿನಿಂದ ಬಂದದ್ದು. ನಾವು ದಿನನಿತ್ಯ ಬಳಸುವ 'ಕವರ್' ಅದರ ಒಡಹುಟ್ಟು. ಅರ್ಥ: ಮುಚ್ಚಿದ್ದು, ಹೊದಿಸಿದ್ದು. ಇಂಗ್ಲೆಂಡಿನ ಬೇಟೆಗಾರರು ಪ್ರಾಣಿಗಳು ಅಡಗುವ ಪೊದೆಗೂ ಕೋವರ್ಟ್ ಎನ್ನುತ್ತಾರೆ. ಪೊದೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಒಳಗಿರುವ ನರಿ ಬೀಳುವುದಿಲ್ಲ. 'ಕ್ಲಾಂಡೆಸ್ಟೈನ್' ಲ್ಯಾಟಿನ್ನಿನ 'ಕ್ಲಾಮ್' ಎಂಬ ಸಣ್ಣ ಪದದಿಂದ ಬಂದದ್ದು. ಯಾರ ಅರಿವಿಗೂ ಬಾರದಂತೆ ಎಂದು ಅದರ ಅರ್ಥ. ಇಲ್ಲಿ ಹೊದಿಕೆಯೂ ಕಾಣುವುದಿಲ್ಲ, ಪೊದೆಯೂ ಕಾಣುವುದಿಲ್ಲ. ಅಲ್ಲೊಂದು ಸಂಗತಿ ಇದೆ ಎಂಬುದೇ ಗೊತ್ತಾಗುವುದಿಲ್ಲ.

ಅಮೆರಿಕದ ಸೇನಾ ಪರಿಭಾಷೆ ಈ ಭೇದವನ್ನು ಕಟ್ಟುನಿಟ್ಟು ಮಾಡಿದೆ. ಕೋವರ್ಟ್ ಕಾರ್ಯಾಚರಣೆಯಲ್ಲಿ ಮುಚ್ಚಿಡಬೇಕಾದದ್ದು ಮಾಡಿಸಿದವನ ಗುರುತನ್ನು. ಕ್ಲಾಂಡೆಸ್ಟೈನ್ ಕಾರ್ಯಾಚರಣೆಯಲ್ಲಿ ಮುಚ್ಚಿಡಬೇಕಾದದ್ದು ಕಾರ್ಯಾಚರಣೆಯನ್ನೇ. ಮೊದಲನೆಯದರಲ್ಲಿ ಕೆಲಸ ಕಾಣುತ್ತದೆ, ಕೈ ಕಾಣುವುದಿಲ್ಲ. ಎರಡನೆಯದರಲ್ಲಿ ಕೆಲಸವೇ ಕಾಣಬಾರದು. ದಿನಬಳಕೆಯ ಇಂಗ್ಲಿಷ್ ಇಷ್ಟು ಶಿಸ್ತಾಗಿಲ್ಲ, ಅಲ್ಲಿ ಎರಡೂ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದುಂಟು. ಆದರೂ ಪದಗಳ ಮೂಲ ಈ ಭೇದವನ್ನು ಒಪ್ಪುತ್ತದೆ.

ಎರಡನೇ ಮಹಾಯುದ್ಧದ ಕಾಲದ ಎರಡು ರೇಡಿಯೋಗಳನ್ನು ಅಕ್ಕಪಕ್ಕ ಇಟ್ಟರೆ ಇದು ಚೆನ್ನಾಗಿ ಸ್ಪಷ್ಟವಾಗುತ್ತದೆ. 1942ರ ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ನಾಯಕರೆಲ್ಲ ಜೈಲು ಸೇರಿದ ಮೇಲೆ ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರು ಕಾಂಗ್ರೆಸ್ ರೇಡಿಯೋ ನಡೆಸಿದರು. ಪೊಲೀಸರಿಗೆ ಸಿಗದಂತೆ ಯಂತ್ರವನ್ನು ಮನೆಯಿಂದ ಮನೆಗೆ ಹೊತ್ತು ತಿರುಗಿದರು. ನವೆಂಬರಿನಲ್ಲಿ ಸಿಕ್ಕಿಬಿದ್ದರು. ಅವರು ಹೆಸರನ್ನು ಮಾತ್ರ ಮುಚ್ಚಿಡಲಿಲ್ಲ. ಇದು ಕಾಂಗ್ರೆಸ್ ರೇಡಿಯೋ ಎಂದು ಧೈರ್ಯವಾಗಿ ಸಾರಿಯೇ ಮಾತು ಆರಂಭಿಸುತ್ತಿದ್ದರು. ಎಲ್ಲಿಂದ, ಹೇಗೆ ನಡೆಯುತ್ತಿದೆ ಎಂಬುದಷ್ಟೇ ಗುಟ್ಟು. ಅತ್ತ ಬ್ರಿಟಿಷರು 1943ರಲ್ಲಿ ಜರ್ಮನ್ ಸೈನಿಕರಿಗಾಗಿ ಒಂದು ಕೇಂದ್ರ ತೆರೆದರು. ಪತ್ರಕರ್ತ ಸೆಫ್ಟನ್ ಡೆಲ್ಮರ್ ಅದರ ಸೂತ್ರಧಾರ. ಒಳ್ಳೆಯ ಸಂಗೀತ, ಚುರುಕಾದ ಸುದ್ದಿ, ನಡುನಡುವೆ ಎದೆಗುಂದಿಸುವ ವದಂತಿ. ಬೇಕಾದವರೆಲ್ಲ ಕೇಳಬಹುದಿತ್ತು. ಆದರೆ ಅದು ಜರ್ಮನ್ ಸೇನೆಯದೇ ಕೇಂದ್ರ ಎಂಬ ಸೋಗು ಹಾಕಿತ್ತು. ಮುಂಬಯಿಯದು ಕ್ಲಾಂಡೆಸ್ಟೈನ್, ಡೆಲ್ಮರನದು ಕೋವರ್ಟ್. ಒಂದು ತನ್ನ ಹೆಸರು ಹೇಳಿ ನೆಲೆ ಮರೆಸಿತು. ಇನ್ನೊಂದು ಗಟ್ಟಿಯಾಗಿ ಮಾತಾಡಿ ಹೆಸರು ಮರೆಸಿತು. ಎರಡನ್ನೂ 'ರಹಸ್ಯ ರೇಡಿಯೋ' ಎಂದು ಅನುವಾದಿಸಿದರೆ ಇತಿಹಾಸದ ಅರ್ಧ ಪಾಠ ಕಳೆದುಹೋಗುತ್ತದೆ.

ಇನ್ನು ಇರಾನಿಗೆ ಬರೋಣ. 1951ರಲ್ಲಿ ಅಲ್ಲಿನ ತೈಲೋದ್ಯಮ ರಾಷ್ಟ್ರೀಕರಣವಾಯಿತು. ಅದನ್ನು ಮುನ್ನಡೆಸಿದ ಪ್ರಧಾನಿ ಮುಸದ್ದಿಕ್ 1953ರ ಆಗಸ್ಟ್ 19ರಂದು ಪದಚ್ಯುತರಾದರು. ಆ ದಿನ ಟೆಹರಾನಿನಲ್ಲಿ ನಡೆದದ್ದರಲ್ಲಿ ರಹಸ್ಯವೆಂಬುದು ಏನೂ ಇರಲಿಲ್ಲ. ಬೀದಿಯಲ್ಲಿ ಗುಂಪುಗಳಿದ್ದವು, ಟ್ಯಾಂಕುಗಳಿದ್ದವು, ಪ್ರಧಾನಿಯ ಮನೆಯ ಮೇಲೆ ದಾಳಿ ನಡೆಯಿತು. ಊರಿಗೆ ಊರೇ ನೋಡಿತು, ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಕಾಣದೆ ಉಳಿದದ್ದು ಹಣ ಹಂಚಿದ ಕೈ. ಬ್ರಿಟಿಷ್ ಮತ್ತು ಅಮೆರಿಕನ್ ಗುಪ್ತಚರ ಸಂಸ್ಥೆಗಳು ಜೊತೆಗೂಡಿ ಮಾಡಿಸಿದ ಕೆಲಸ ಅದು. ಸಿ.ಐ.ಎ. ತನ್ನ ಪಾತ್ರವನ್ನು ಒಪ್ಪಿಕೊಂಡ ದಾಖಲೆ ಸಾರ್ವಜನಿಕವಾಗಿ ಹೊರಬಂದದ್ದು 2013ರಲ್ಲಿ, ಅರುವತ್ತು ವರ್ಷಗಳ ನಂತರ. ಮುಸದ್ದಿಕ್ ಗೃಹಬಂಧನದಲ್ಲೇ 1967ರಲ್ಲಿ ತೀರಿಕೊಂಡಿದ್ದರು.

ಇಂಥದ್ದನ್ನು 'ರಹಸ್ಯ ಕಾರ್ಯಾಚರಣೆ' ಎಂದರೆ ಏನಾಗುತ್ತದೆ ನೋಡಿ. ಹಗಲು ಬೆಳಕಿನಲ್ಲಿ, ಸಾವಿರಾರು ಜನರೆದುರು ನಡೆದದ್ದಕ್ಕೆ ಕತ್ತಲೆಯ ಬಣ್ಣ ಬರುತ್ತದೆ. ಕೋವರ್ಟ್ ಎಂಬ ಪದ ಹೇಳುವುದು ಬೇರೆ. ಕೆಲಸ ನಿನ್ನ ಕಣ್ಣೆದುರೇ ಇದೆ, ಕೈ ಯಾರದೆಂದು ಕೇಳು ಎನ್ನುತ್ತದೆ ಅದು. 1948ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಮಂಡಳಿ ಇಂಥ ಕೆಲಸಗಳಿಗೆ ನಿಯಮ ಬರೆದಾಗ, ಸಿಕ್ಕಿಬಿದ್ದರೂ ತನಗೂ ಇದಕ್ಕೂ ಸಂಬಂಧವಿಲ್ಲವೆಂದು ನಂಬುವಂತೆ ಹೇಳಲು ಸರಕಾರಕ್ಕೆ ಅವಕಾಶವಿರಬೇಕೆಂದು ಸೇರಿಸಿತು. ಅಂದರೆ ಕೆಲಸ ಬಯಲಾಗುತ್ತದೆ ಎಂಬುದು ಆರಂಭದಿಂದಲೇ ಲೆಕ್ಕದಲ್ಲಿತ್ತು. ಬಯಲಾಗಬಾರದ್ದು ಜವಾಬ್ದಾರಿ ಮಾತ್ರ.

ಈ ಎರಡೂ ಪದಗಳು ಗೂಢಚಾರರ ಕೈ ಸೇರುವುದಕ್ಕೆ ಬಹಳ ಮೊದಲೇ ಇಂಗ್ಲೆಂಡಿನ ಮದುವೆಯ ಕಾನೂನಿನಲ್ಲಿ ಸಂಸಾರ ಮಾಡಿದ್ದವು ಎಂಬುದು ಕುತೂಹಲದ ಸಂಗತಿ. ಅಲ್ಲಿ ಮದುವೆಯಾದ ಹೆಣ್ಣಿಗೆ 'ಫೆಮ್ ಕವರ್ಟ್' ಎನ್ನುತ್ತಿದ್ದರು, ಅಂದರೆ ಗಂಡನ ಹೊದಿಕೆಯಡಿಯ ಹೆಣ್ಣು. ಆಕೆ ಎಲ್ಲರೆದುರೇ ಓಡಾಡುತ್ತಿದ್ದಳು, ಮನೆ ನಡೆಸುತ್ತಿದ್ದಳು. ಆದರೆ ಕಾನೂನಿನ ಕಣ್ಣಿಗೆ ಆಕೆಗೆ ಬೇರೆ ಅಸ್ತಿತ್ವವಿರಲಿಲ್ಲ. ಆಕೆ ದುಡಿದದ್ದು ಗಂಡನದು, ಲೇಖಕಿಯಾಗಿದ್ದರೆ ಬರೆದು ಗಳಿಸಿದ್ದೂ ಗಂಡನದು. ಕ್ಯಾರೊಲೈನ್ ನಾರ್ಟನ್ ಎಂಬ ಲೇಖಕಿ ಬೇರೆಯಾದ ಗಂಡನಿಂದ ಇದನ್ನು ಅನುಭವಿಸಿ ಇದರ ವಿರುದ್ಧ ಬಹಳ ಕಾಲ ಬರೆದರು. ವಿವಾಹಿತೆಯ ಗಳಿಕೆ ಆಕೆಯದೇ ಎಂಬ ಕಾಯ್ದೆ ಬಂದದ್ದು 1870ರಲ್ಲಿ. 1882ರ ಕಾಯ್ದೆ ಆಸ್ತಿಯ ಹಕ್ಕನ್ನು ವಿಸ್ತರಿಸಿತು.

ಕ್ಲಾಂಡೆಸ್ಟೈನ್ ಮದುವೆ ಇದಕ್ಕೆ ವಿರುದ್ಧ ದಿಕ್ಕಿನದು. ಇಗರ್ಜಿಯಲ್ಲಿ ಮುಂಚಿತವಾಗಿ ಸಾರದೆ, ಪರವಾನಗಿ ಪಡೆಯದೆ, ಯಾರಿಗೂ ತಿಳಿಯದಂತೆ ಮುಗಿಸಿಬಿಡುವ ಮದುವೆ ಅದು. ಲಂಡನ್ನಿನ ಫ್ಲೀಟ್ ಜೈಲಿನ ಸುತ್ತಮುತ್ತ ಇದೇ ದಂಧೆ ಮಾಡುವ ಪಾದ್ರಿಗಳಿದ್ದರು. ಇದನ್ನು ತಡೆಯಲು 1753ರಲ್ಲಿ ಹಾರ್ಡ್‌ವಿಕ್ ಕಾಯ್ದೆ ಬಂತು. ಸಾರ್ವಜನಿಕ ಪ್ರಕಟಣೆ ಅಥವಾ ಪರವಾನಗಿ, ಇಬ್ಬರು ಸಾಕ್ಷಿಗಳು, ದಾಖಲೆ ಪುಸ್ತಕದಲ್ಲಿ ಸಹಿ ಎಲ್ಲವೂ ಕಡ್ಡಾಯವಾಯಿತು. ನಿಕಾಹ್‌ಗೆ ಸಾಕ್ಷಿಗಳು ಏಕೆ ಬೇಕೆಂದು ಬಲ್ಲ ನಮ್ಮ ಓದುಗರಿಗೆ ಇದರ ತರ್ಕ ಹೊಸದೇನಲ್ಲ. ಕಾಯ್ದೆ ಸ್ಕಾಟ್ಲೆಂಡಿಗೆ ಅನ್ವಯಿಸದ ಕಾರಣ ಪ್ರೇಮಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಓಡತೊಡಗಿದರು. ಜೇನ್ ಆಸ್ಟೆನ್ನಳ 'ಪ್ರೈಡ್ ಅಂಡ್ ಪ್ರಿಜುಡಿಸ್' ಕಾದಂಬರಿಯಲ್ಲಿ ಲಿಡಿಯಾ ಓಡಿಹೋದಾಗ ಮನೆಯವರ ಬಾಯಲ್ಲಿ ಬರುವ ಊರಿನ ಹೆಸರು ಇದೇ. ಕ್ಲಾಂಡೆಸ್ಟೈನ್ ಮದುವೆಯಲ್ಲಿ ಮದುವೆ ಕಾಣುವುದಿಲ್ಲ. 'ಕವರ್ಟ್' ಆದ ಮೇಲೆ ಮದುವೆ ಕಾಣುತ್ತದೆ, ಹೆಣ್ಣು ಕಾಣುವುದಿಲ್ಲ.

ಅದೇ ಆಸ್ಟೆನ್ನಳ ಬರಹದ ಬದುಕಿನಲ್ಲಿ ಎರಡು ಬಗೆಯ ಮರೆಯೂ ಇದ್ದವು. ಆಕೆ ಮನೆಮಂದಿಯೆಲ್ಲ ಓಡಾಡುವ ಕೋಣೆಯಲ್ಲಿ ಕುಳಿತು ಸಣ್ಣ ಸಣ್ಣ ಹಾಳೆಗಳಲ್ಲಿ ಬರೆಯುತ್ತಿದ್ದಳೆಂದೂ, ಹೊರಗಿನವರು ಬಂದರೆ ಅವನ್ನು ಸರಿಸಿಡುವುದೋ ಮುಚ್ಚುವುದೋ ಮಾಡುತ್ತಿದ್ದಳೆಂದೂ, ಬಾಗಿಲು ಕಿರುಗುಟ್ಟಿದರೆ ಮುನ್ಸೂಚನೆ ಸಿಗುವುದರಿಂದ ಅದನ್ನು ರಿಪೇರಿ ಮಾಡಿಸಲು ಒಪ್ಪಲಿಲ್ಲವೆಂದೂ ಆಕೆಯ ಸೋದರಳಿಯ ಬರೆದಿದ್ದಾನೆ. ಅದು ಕ್ಲಾಂಡೆಸ್ಟೈನ್ ಬರವಣಿಗೆ. 1811ರಲ್ಲಿ ಮೊದಲ ಕಾದಂಬರಿ ಅಚ್ಚಾದಾಗ ಲೇಖಕಿಯ ಹೆಸರಿನ ಜಾಗದಲ್ಲಿ 'ಒಬ್ಬ ಮಹಿಳೆಯಿಂದ' ಎಂದಷ್ಟೇ ಇತ್ತು. ಅದು ಕೋವರ್ಟ್ ಪ್ರಕಟಣೆ. ಉರ್ದುವಿನ ಮೊದಲ ಕಾದಂಬರಿಕಾರ್ತಿ ಎನಿಸಿದ ಪಾಟ್ನಾದ ರಶೀದುನ್ನಿಸಾ ಅವರ ಕತೆಯೂ ಇದಕ್ಕೆ ಹತ್ತಿರ. 'ಇಸ್ಲಾಹುನ್ನಿಸಾ'ವನ್ನು ಅವರು 1881ರಲ್ಲಿ ಬರೆದರು. ಅದು ಅಚ್ಚಾದದ್ದು 1894ರಲ್ಲಿ. ಅಲ್ಲಿಯೂ ಅವರು ಇಂಥವರ ತಾಯಿ ಎಂದೇ ಕಾಣಿಸಿಕೊಂಡರು. ಪುಸ್ತಕ ಎಲ್ಲರ ಕೈಯಲ್ಲಿ, ಹೆಸರು ಮಗನ ನೆರಳಿನಲ್ಲಿ.

ಎರಡು ಪ್ರಕಟಣಾ ಸಾಹಸಗಳನ್ನೂ ಇದೇ ಅಳತೆಯಲ್ಲಿ ನೋಡಬಹುದು. 1942ರಲ್ಲಿ ಜರ್ಮನರ ವಶದಲ್ಲಿದ್ದ ಪ್ಯಾರಿಸ್ಸಿನಲ್ಲಿ ಜಾನ್ ಬ್ರೂಲೆ 'ವೆರ್ಕೋರ್' ಎಂಬ ಹೆಸರಿನಲ್ಲಿ 'ಸಮುದ್ರದ ಮೌನ' ಎಂಬ ಅರ್ಥದ ಶೀರ್ಷಿಕೆಯ ಸಣ್ಣ ಪುಸ್ತಕ ತಂದರು. ಪ್ರಕಾಶನಕ್ಕೆ ಇಟ್ಟ ಹೆಸರಿನ ಅರ್ಥ 'ನಡುರಾತ್ರಿ'. ಕೆಲವೇ ನೂರು ಪ್ರತಿಗಳು ಕೈಯಿಂದ ಕೈಗೆ ದಾಟಿದವು. ಅಚ್ಚಿನ ಕೆಲಸವೇ ಅಲ್ಲಿ ಕ್ಲಾಂಡೆಸ್ಟೈನ್. ಇನ್ನೊಂದು ಕಡೆ 1953ರಲ್ಲಿ ಲಂಡನ್ನಿನಲ್ಲಿ 'ಎನ್‌ಕೌಂಟರ್' ಮಾಸಿಕ ಆರಂಭವಾಯಿತು. ಕವಿ ಸ್ಟೀಫನ್ ಸ್ಪೆಂಡರ್ ಅದರ ಸಂಪಾದಕರಲ್ಲೊಬ್ಬರು. ಹೆಸರಾಂತ ಲೇಖಕರು ಬರೆದರು, ಅಂಗಡಿಗಳಲ್ಲಿ ಬಹಿರಂಗವಾಗಿ ಮಾರಾಟವಾಯಿತು. ಮುಚ್ಚಿಟ್ಟದ್ದು ಲೆಕ್ಕದ ಪುಸ್ತಕ. 'ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ' ಎಂಬ ಸಂಸ್ಥೆಯ ಮೂಲಕ ಅದಕ್ಕೆ ಸಿ.ಐ.ಎ. ಹಣ ಬರುತ್ತಿತ್ತು. 1967ರಲ್ಲಿ ಇದು ಖಚಿತವಾದಾಗ ಸ್ಪೆಂಡರ್ ರಾಜೀನಾಮೆ ಕೊಟ್ಟು ಹೊರಬಂದರು.

ಎನ್‌ಕೌಂಟರ್‌ನಲ್ಲಿ ಬಂದ ಒಳ್ಳೆಯ ಕವಿತೆ ಆ ಹಣದಿಂದ ಕೆಟ್ಟ ಕವಿತೆಯಾಗುವುದಿಲ್ಲ. ಆದರೆ ವಿಷಯ ತಿಳಿಯದೆ ಬರೆದ ಲೇಖಕನ ಪಾಡೇನು? ಅವನು ಸ್ವತಂತ್ರವಾಗಿಯೇ ಬರೆದಿರಬಹುದು. ಆದರೂ ಅವನ ಸ್ವಾತಂತ್ರ್ಯವನ್ನೇ ಬೇರೊಬ್ಬ ತನ್ನ ಹೊದಿಕೆಯಾಗಿ ಬಳಸಿಕೊಂಡ. ವೆರ್ಕೋರನ ಪ್ರತಿ ಹಿಡಿದು ಓದಿದವನಿಗೆ ತಾನು ಯಾವ ಅಪಾಯದಲ್ಲಿ ಪಾಲುದಾರ ಎಂಬುದು ಗೊತ್ತಿತ್ತು. ಎನ್‌ಕೌಂಟರ್ ಚಂದಾದಾರನಿಗೆ ಗೊತ್ತಿರಲಿಲ್ಲ. ಕ್ಲಾಂಡೆಸ್ಟೈನ್ ಕೆಲಸ ಒಳಗಿನವರನ್ನು ನಂಬಿ ನಡೆಯುತ್ತದೆ. ಕೋವರ್ಟ್ ಕೆಲಸಕ್ಕೆ ಒಳಗಿನವರೇ ಮುಸುಕಾಗುವುದುಂಟು.

ಹಾಗಾದರೆ ಕ್ಲಾಂಡೆಸ್ಟೈನ್ ಎಂದರೆ ದುರ್ಬಲರ ಗುಟ್ಟು, ಕೋವರ್ಟ್ ಎಂದರೆ ಬಲಿಷ್ಠರ ಕುತಂತ್ರ ಎಂದು ಗೆರೆ ಎಳೆದುಬಿಡಬಹುದೇ? ಆಗದು. 1976ರಿಂದ 1983ರವರೆಗೆ ಅರ್ಜೆಂಟೀನಾದ ಸೇನಾಡಳಿತ ಜನರನ್ನು ಎತ್ತಿಕೊಂಡು ಹೋಗಿ ಕೂಡಿಹಾಕಿ ಹಿಂಸಿಸಿದ ಜಾಗಗಳಿಗೆ ಅಲ್ಲಿನವರು ಇಟ್ಟ ಹೆಸರು ಕ್ಲಾಂಡೆಸ್ಟೈನ್ ಬಂಧನ ಕೇಂದ್ರಗಳು ಎಂದೇ. ಕಾದಂಬರಿಕಾರ ಎರ್ನೆಸ್ಟೊ ಸಾಬಾತೊ ಅಧ್ಯಕ್ಷತೆಯ ಆಯೋಗ 1984ರಲ್ಲಿ ಇಂಥ ಸುಮಾರು 340 ಕೇಂದ್ರಗಳನ್ನು ದಾಖಲಿಸಿತು. ಅಲ್ಲಿ ಸರಕಾರ ಅಡಗಿಸಿದ್ದು ತನ್ನ ಹೆಸರನ್ನಷ್ಟೇ ಅಲ್ಲ. ಅಂಥ ಜಾಗವೇ ಇಲ್ಲ, ಅಂಥ ಕೈದಿಯೇ ಇಲ್ಲ ಎಂದಿತು. ಆದ್ದರಿಂದ ಪದವೊಂದೇ ನ್ಯಾಯ ತೀರ್ಮಾನ ಮಾಡಿಕೊಡುವುದಿಲ್ಲ. ಅದು ಯಾವ ಪ್ರಶ್ನೆ ಕೇಳಬೇಕೆಂದು ತೋರಿಸುತ್ತದೆ. ಕೋವರ್ಟ್ ಆದರೆ 'ಮಾಡಿಸಿದವರು ಯಾರು?' ಕ್ಲಾಂಡೆಸ್ಟೈನ್ ಆದರೆ 'ನಡೆದದ್ದೇನು? ಆ ಮಕ್ಕಳೆಲ್ಲಿ?'

ಸಾಹಿತಿಗಳೂ ಈ ಪದಗಳನ್ನು ಒಂದಕ್ಕೊಂದು ಬೆರೆಸುತ್ತಾರೆ. ಗಾರ್ಸಿಯಾ ಮಾರ್ಕ್ವೆಸ್ 1986ರಲ್ಲಿ ಪ್ರಕಟಿಸಿದ ಒಂದು ವರದಿ ಕಥನ ಇಂಗ್ಲಿಷಿನಲ್ಲಿ 'ಕ್ಲಾಂಡೆಸ್ಟೈನ್ ಇನ್ ಚಿಲಿ' ಎಂಬ ಹೆಸರಿನಿಂದ ಪ್ರಸಿದ್ಧ. ಗಡೀಪಾರಾಗಿದ್ದ ಚಿತ್ರ ನಿರ್ದೇಶಕ ಮಿಗೆಲ್ ಲಿಟ್ಟಿನ್ 1985ರಲ್ಲಿ ಉರುಗ್ವೆಯ ವ್ಯಾಪಾರಿಯ ವೇಷದಲ್ಲಿ ಪಿನೋಚೆಯ ಚಿಲಿಯೊಳಗೆ ಹೋಗಿ, ಚಿತ್ರ ತೆಗೆದು, ಪಾರಾಗಿ ಬಂದ ಕತೆ ಅದು. ಲಿಟ್ಟಿನ್ ಅಲ್ಲಿ ಕ್ಲಾಂಡೆಸ್ಟೈನ್ ಆಗಿದ್ದದ್ದು ನಿಜ, ಅವನು ಬಂದಿದ್ದಾನೆಂದೇ ಆಳುವವರಿಗೆ ಗೊತ್ತಿರಲಿಲ್ಲ. ಆದರೆ ಚಿತ್ರೀಕರಣ? ಯುರೋಪಿನ ಮೂರು ತಂಡಗಳು ಬೇರೆ ಬೇರೆ ವಿಷಯ ಹೇಳಿ, ಅಧಿಕೃತ ಅನುಮತಿ ಪಡೆದು, ಹಾಡುಹಗಲೇ ಕ್ಯಾಮೆರಾ ನಿಲ್ಲಿಸಿದ್ದವು. ಅದು ಶುದ್ಧ ಕೋವರ್ಟ್ ಕೆಲಸ. ಮನುಷ್ಯ ಕದ್ದು ಬಂದಿದ್ದ, ಅವನ ಕೆಲಸ ಮುಸುಕು ಹಾಕಿಕೊಂಡು ಎದುರೇ ನಿಂತಿತ್ತು. ಆ ಪುಸ್ತಕದ ಹಾಸ್ಯವೂ ಭಯವೂ ಹುಟ್ಟುವುದು ಈ ಎರಡರ ತಿಕ್ಕಾಟದಲ್ಲಿ. ಇದನ್ನು ಗಮನಿಸದ ಓದುಗನಿಗೆ ಬರೀ ಸಾಹಸ ಸಿಗುತ್ತದೆ. ಪಿನೋಚೆಯ ಸರಕಾರಕ್ಕೆ ಅದು ಬರೀ ಸಾಹಸವಾಗಿ ಕಾಣಲಿಲ್ಲ. ಅದೇ 1986ರಲ್ಲಿ ವಾಲ್ಪರೈಸೊ ಬಂದರಿಗೆ ಬಂದಿಳಿದ ಸುಮಾರು 15,000 ಪ್ರತಿಗಳನ್ನು ಸುಡಿಸಿತು.

ಕತೆ ಬರೆಯುವ ನಮ್ಮಂಥವರಿಗೆ ಈ ಭೇದ ಕಸುಬಿನ ಭೇದವೂ ಹೌದು. ಚೆಕಾಫನ 'ನಾಯಿಯೊಡನೆ ಬಂದ ಮಹಿಳೆ' ಕತೆಯಲ್ಲಿ ಗುರೋವ್‌ಗೆ ಎರಡು ಬಾಳು. ಒಂದು ಊರೆಲ್ಲ ಬಲ್ಲದ್ದು, ಇನ್ನೊಂದು ಯಾರೂ ಅರಿಯದ್ದು. ಆ ಎರಡನೆಯದು ಇದೆ ಎಂಬ ಸುಳಿವೇ ಊರಿಗಿಲ್ಲ. ಅದು ಕ್ಲಾಂಡೆಸ್ಟೈನ್ ಕತೆ. ಇಸ್ಮತ್ ಚುಗ್ತಾಯಿ 1942ರಲ್ಲಿ ಬರೆದ 'ಲಿಹಾಫ್' ಬೇರೆ ಜಾತಿಯದು. ಲಿಹಾಫ್ ಎಂದರೆ ದುಪ್ಪಟಿ, ಹೊದಿಕೆ. ಕತೆ ಹೇಳುವ ಹುಡುಗಿಗೆ ಹೊದಿಕೆ ಕಾಣುತ್ತದೆ, ಗೋಡೆಯ ಮೇಲೆ ಅದರ ನೆರಳು ಆನೆಯಂತೆ ತೂಗುವುದು ಕಾಣುತ್ತದೆ. ಒಳಗಿನದಕ್ಕೆ ಮಾತ್ರ ಅವಳು ಹೆಸರು ಕೊಡುವುದಿಲ್ಲ. ಕತೆಯ ಮೇಲೆ ಅಶ್ಲೀಲತೆಯ ಮೊಕದ್ದಮೆ ಹೂಡಿ ಲೇಖಕಿಯನ್ನು ಲಾಹೋರಿಗೆ ಕರೆಸಿದಾಗ ಸಾಕ್ಷಿದಾರರು ಅಶ್ಲೀಲವಾದ ಒಂದು ಪದವನ್ನೂ ಎತ್ತಿ ತೋರಿಸಲು ಸೋತರು, ಮೊಕದ್ದಮೆ ಬಿದ್ದುಹೋಯಿತು. ತೋರಿಸುವುದಾದರೂ ಹೇಗೆ? ಕತೆ ಮುಚ್ಚಿಟ್ಟದ್ದನ್ನು ಓದುಗನೇ ತನ್ನ ಮನಸ್ಸಿನಲ್ಲಿ ತೆರೆದುಕೊಂಡಿದ್ದ. ಘಟನೆಯನ್ನೇ ಅಡಗಿಸುವ ಕತೆಗಿಂತ, ಘಟನೆಯನ್ನು ಎದುರಿಟ್ಟು ಹೆಸರನ್ನಷ್ಟೇ ಮುಚ್ಚುವ ಕತೆ ಸಮಾಜವನ್ನು ಹೆಚ್ಚು ಕೆಣಕುತ್ತದೆ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ನೋಡಿಯೂ ನೋಡದಂತಿರಲು ಓದುಗನಿಗೆ ದಾರಿ ಇರುವುದಿಲ್ಲ.

ಕೊನೆಗೆ ನಮ್ಮ ಭಾಷೆಯ ಮಾತು. ಕನ್ನಡಕ್ಕೆ ಈ ಭೇದ ತಿಳಿಯದೇ? ಖಂಡಿತ ತಿಳಿದಿದೆ. 'ಕದ್ದುಮುಚ್ಚಿ' ಎಂಬ ಜೋಡುಪದವನ್ನೇ ನೋಡಿ. ಕದಿಯುವುದು ಬೇರೆ, ಮುಚ್ಚುವುದು ಬೇರೆ ಎಂದು ತಿಳಿದವರೇ ಎರಡನ್ನೂ ಸೇರಿಸಿ ಹೇಳಿದ್ದಾರೆ. ಉರ್ದು ಶಾಲೆಯಿಂದ ಕನ್ನಡಕ್ಕೆ ಬಂದ ನಮಗೆ 'ಖುಫಿಯಾ' ಮತ್ತು 'ಪೋಶೀದಾ' ಎಂಬ ಜೋಡಿಯೂ ನೆನಪಾಗುತ್ತದೆ. ಖುಫಿಯಾ ಅರಬ್ಬಿಯಿಂದ ಬಂದದ್ದು, ಅಡಗಿದ್ದು ಎಂಬ ಅರ್ಥ. ಪೋಶೀದಾ ಪಾರ್ಸಿಯದು, ಹೊದಿಸಿದ್ದು ಎಂಬ ಅರ್ಥ. ನಾವು ಉಡುವ ಪೋಷಾಕಿನ ಮೂಲವೂ ಅದೇ. ಕೋವರ್ಟ್ ಮತ್ತು ಪೋಶೀದಾ ಎರಡೂ ಹೊದಿಕೆಯಿಂದಲೇ ಹುಟ್ಟಿದ ಪದಗಳು.

ಕ್ಲಾಂಡೆಸ್ಟೈನ್ ಎಂಬುದಕ್ಕೆ ಕನ್ನಡದಲ್ಲಿ 'ಕಳ್ಳ' ಎಂಬ ಪೂರ್ವಪದವಿದೆ: ಕಳ್ಳಬಟ್ಟಿ, ಕಳ್ಳಸಾಗಣೆ, ಕಳ್ಳಬಸಿರು. ಎಲ್ಲವೂ ಇರುವುದೇ ಗೊತ್ತಾಗಬಾರದ ಸಂಗತಿಗಳು. ಆದರೆ ಇದಕ್ಕೆ ಪಾಪದ ವಾಸನೆ ಅಂಟಿದೆ. ವೆರ್ಕೋರನ ಪುಸ್ತಕವನ್ನು 'ಕಳ್ಳಮುದ್ರಣ' ಎಂದರೆ ಅದು ಬೇರೊಬ್ಬರ ಪುಸ್ತಕ ಕದ್ದು ಅಚ್ಚು ಹಾಕಿದಂತಾಗುತ್ತದೆ. 1942ರ ಹೋರಾಟಗಾರರಿಗೆ 'ಭೂಗತ' ಎಂಬ ಗೌರವದ ಪದವಿತ್ತು. ಇಂದು ಭೂಗತ ಎಂದೊಡನೆ ಮುಂಬಯಿಯ ದೊರೆಗಳು ಕಣ್ಣ ಮುಂದೆ ಬರುತ್ತಾರೆ. ಆದ್ದರಿಂದ ಸಂದರ್ಭ ನೋಡಿ 'ಕದ್ದುಮುಚ್ಚಿ', 'ಯಾರಿಗೂ ತಿಳಿಯದಂತೆ' ಎಂದು ಬಿಡಿಸಿ ಹೇಳುವುದೇ ಲೇಸು.

ಕೋವರ್ಟ್‌ಗೆ ನಮ್ಮ ಹಳ್ಳಿಯ ರೈತನೂ ಬಲ್ಲ ಪದವೊಂದಿದೆ: ಬೇನಾಮಿ. ಹೊಲ ಎಲ್ಲರ ಕಣ್ಣಿಗೆ ಕಾಣುತ್ತದೆ, ಬೆಳೆ ಕಾಣುತ್ತದೆ, ಪಹಣಿಯಲ್ಲಿ ಯಾರದೋ ಹೆಸರೂ ಇರುತ್ತದೆ. ನಿಜವಾದ ಒಡೆಯ ಮಾತ್ರ ಕಾಣುವುದಿಲ್ಲ. 1988ರಲ್ಲಿ ಬಂದು 2016ರಲ್ಲಿ ತಿದ್ದುಪಡಿಯಾದ ನಮ್ಮ ಬೇನಾಮಿ ಕಾಯ್ದೆ ಹುಡುಕುವುದು ಹೊಲವನ್ನಲ್ಲ, ಒಡೆಯನನ್ನು. ಟೆಹರಾನಿನಲ್ಲಿ 1953ರಲ್ಲಿ ನಡೆದದ್ದನ್ನು 'ಬೇನಾಮಿ ಕಾರ್ಯಾಚರಣೆ' ಎಂದು ಬರೆದಿದ್ದರೆ ಕನ್ನಡದ ಓದುಗನಿಗೆ ವಿವರಣೆಯೇ ಬೇಕಾಗುತ್ತಿರಲಿಲ್ಲ. ಯಾರದು ಎಂದು ಅವನು ತಾನಾಗಿಯೇ ಕೇಳುತ್ತಿದ್ದ. ಸುದ್ದಿಮನೆಯ ಗೆಳೆಯರು ಮುಂದಿನ ಸಲ 'ರಹಸ್ಯ' ಎಂದು ಬರೆಯುವ ಮೊದಲು, ಅಡಗಿರುವುದು ಕೆಲಸವೋ ಕೈಯೋ ಎಂದು ಒಮ್ಮೆ ವಿಚಾರಿಸಿಕೊಳ್ಳಲಿ ಎಂದು ನಮ್ಮ ವಿನಂತಿ.